ಅಕ್ಷರಗುಂಡಿನ ರಾಜನೂ ನಮ್ಮ ಪಶ್ಚಾತ್ತಾಪವೂ

ಹಿಂದೆ ನಿಂತಿರೋ ಯೌವನಸ್ಥರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ಇವತ್ತು ಮತ್ತಾಯನ ಸುವಾರ್ತೆ 5ನೇ ಅಧ್ಯಾಯ, 23 ಮತ್ತು 24ನೇ ವಚನಗಳನ್ನು ತೆರೆದಿಟ್ಟುಕೊಳ್ಳಿ. ನಿಮಗೆಲ್ಲ ಗೊತ್ತಿರುವ ಭಾಗ. ಒಬ್ಬ ಮನುಷ್ಯ ಕಾಣಿಕೆ ಹಿಡಿದುಕೊಂಡು ಯಜ್ಞವೇದಿಯ ಹತ್ತಿರ ಬಂದಿದ್ದಾನೆ. ಅಲ್ಲಿ ನಿಂತಾಗ ಅವನಿಗೆ ಒಂದು ವಿಷಯ ನೆನಪಾಗುತ್ತೆ: ಯಾರೋ ಒಬ್ಬರಿಗೆ ನನ್ನಿಂದ ನೋವಾಗಿದೆ. ಆಗ ಕರ್ತನು ಅವನಿಗೆ ಏನು ಮಾಡು ಅಂತಾನೆ? ಕಾಣಿಕೆಯನ್ನು ಅಲ್ಲೇ ಬಿಡು, ಮೊದಲು ಹೋಗು. ಆ ಹೋಗು ಅನ್ನೋ ಮಾತಿನ ಬಗ್ಗೆ ಇವತ್ತು ಮಾತಾಡ್ತೀನಿ. ಅದಕ್ಕೆ ಒಬ್ಬ ರಾಜನ ಜೀವನವನ್ನು ನಿಮ್ಮ ಮುಂದೆ ಇಡ್ತೀನಿ. ಅವನು ಬೈಬಲ್ಲಿನ ರಾಜ ಅಲ್ಲ. ನಮ್ಮ ವಿಶ್ವಾಸದವನೂ ಅಲ್ಲ. ಆದರೆ ನಮ್ಮ ಊರಿಗೆ ಒಂದು ಪತ್ರ ಬರೆದವನು.

ನಮ್ಮ ಸಭೆಯಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಬಂದ ಮಕ್ಕಳು ಬಹಳ ಜನ ಇದ್ದೀರಿ. ಆಫೀಸಿನಲ್ಲಿ ಯಾವೂರು ಅಂತ ಕೇಳಿದರೆ ಚಿತ್ರದುರ್ಗ ಅಂತ ಹೇಳಿ ಮುಗಿಸಿಬಿಡ್ತೀರಿ, ಅಲ್ವಾ? ಚಳ್ಳಕೆರೆ ಅಂದ್ರೆ ಶೇಂಗಾ ಎಣ್ಣೆ, ಕಂಬಳಿ. ಮೊಳಕಾಲ್ಮೂರು ಅಂದ್ರೆ ರೇಷ್ಮೆ ಸೀರೆ. ಅದಕ್ಕಿಂತ ಹೆಚ್ಚು ನಮಗೇ ಗೊತ್ತಿರಲ್ಲ. ಆದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಬಂಡೆಗಳ ಮೇಲೆ 2,200 ವರ್ಷಕ್ಕಿಂತ ಹಳೆಯ ಬರಹ ಇದೆ. ಬ್ರಹ್ಮಗಿರಿಯ ಬಂಡೆಗೆ ಊರಿನವರು ಇಟ್ಟ ಹೆಸರು ಅಕ್ಷರಗುಂಡು. ಕುರಿ ಕಾಯೋರಿಗೆ ಗೊತ್ತಿತ್ತು, ಇದರ ಮೇಲೆ ಅಕ್ಷರ ಇದೆ ಅಂತ. ಆದರೆ ಏನು ಬರೆದಿದೆ ಅಂತ ನೂರಾರು ವರ್ಷ ಯಾರಿಗೂ ಓದೋಕೆ ಬರಲಿಲ್ಲ. ಆ ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಓದಿದ್ದು 1837ರಲ್ಲಿ. ನಮ್ಮ ಮೊಳಕಾಲ್ಮೂರಿನ ಬಂಡೆಗಳನ್ನು ಬಿ. ಎಲ್. ರೈಸ್ ಗುರುತಿಸಿದ್ದು 1892ರಲ್ಲಿ. ಆಗ ಜಗತ್ತಿಗೆ ಗೊತ್ತಾಯ್ತು, ಇದು ಅಶೋಕ ಚಕ್ರವರ್ತಿಯ ಮಾತು.

ನಿಮ್ಮ ಜೇಬಿನಲ್ಲಿರೋ ನಾಣ್ಯ ತೆಗೆದು ನೋಡಿ. ಆ ಸಿಂಹಗಳು ಸಾರನಾಥದಲ್ಲಿ ಅವನು ನಿಲ್ಲಿಸಿದ ಕಂಬದ ಮೇಲಿನವು. ಧ್ವಜದ ಚಕ್ರವೂ ಅಲ್ಲಿಂದಲೇ ಬಂದದ್ದು. ದಿನಾ ಮುಟ್ಟುತ್ತೀವಿ, ಮನುಷ್ಯ ಯಾರು ಅಂತ ಯೋಚನೆ ಮಾಡಲ್ಲ.

ಅವನು ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಕ್ರಿ.ಪೂ. 268ರ ಸುಮಾರಿಗೆ ಅವನಿಗೆ ಪಟ್ಟಾಭಿಷೇಕ ಆಯ್ತು. ಅವನ ತಾರುಣ್ಯದ ಬಗ್ಗೆ ತುಂಬಾ ಕಥೆಗಳಿವೆ, ಎಷ್ಟೋ ಅಣ್ಣತಮ್ಮಂದಿರನ್ನು ಕೊಂದ ಅಂತ. ಕಥೆ ಕಥೆಯಾಗೇ ಇರಲಿ. ಅವನೇ ಕಲ್ಲಿನ ಮೇಲೆ ಬರೆಸಿದ್ದನ್ನಷ್ಟೇ ನಾನು ಹೇಳ್ತೀನಿ, ಅದೇ ಬೇಕಾದಷ್ಟಿದೆ.

ಪಟ್ಟಕ್ಕೆ ಬಂದ ಎಂಟು ವರ್ಷದ ಮೇಲೆ ಅವನು ಕಳಿಂಗದ ಮೇಲೆ ಯುದ್ಧಕ್ಕೆ ಹೋದ. ಕಳಿಂಗ ಅಂದ್ರೆ ಇವತ್ತಿನ ಒಡಿಶಾ ಕಡೆ. ಗೆದ್ದ. ಲೆಕ್ಕವನ್ನು ತನ್ನ 13ನೇ ಬಂಡೆ ಶಾಸನದಲ್ಲಿ ಅವನೇ ಕೊಡ್ತಾನೆ. ಒಂದೂವರೆ ಲಕ್ಷ ಜನರನ್ನು ಅವರ ನೆಲದಿಂದ ಕಿತ್ತು ಸಾಗಿಸಿದರು. ಒಂದು ಲಕ್ಷ ಜನ ಅಲ್ಲೇ ಸತ್ತರು. ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು. ಗೆದ್ದ ರಾಜ ಏನು ಬರೆಸಬೇಕಿತ್ತು? ಎಲ್ಲಾ ರಾಜರೂ ಬರೆಸೋ ಹಾಗೆ, ನಾನು ಶೂರ, ನಾನು ಧೀರ. ಇವನು ಏನು ಬರೆಸಿದ? ಇದನ್ನು ನೆನೆಸಿಕೊಂಡರೆ ನನಗೆ ದುಃಖ ಆಗುತ್ತೆ ಅಂತ ಬರೆಸಿದ. ಸತ್ತವರ ಬಗ್ಗೆ ಮಾತ್ರ ಅಲ್ಲ. ಪೆಟ್ಟು ಬೀಳದೆ ಉಳಿದವರಿಗೂ ತಮ್ಮವರ ಸಂಕಟ ನೋಡೋದೇ ಒಂದು ಪೆಟ್ಟು ಅನ್ನೋದನ್ನೂ ಗಮನಿಸಿದ್ದಾನೆ. ಆ ಸಂಖ್ಯೆಯ ನೂರರಲ್ಲಿ ಒಂದು ಪಾಲು, ಸಾವಿರದಲ್ಲಿ ಒಂದು ಪಾಲು ಜನಕ್ಕೆ ಈಗ ಹಾಗಾದರೂ ತನಗೆ ಭಾರ ಅಂತಾನೆ.

ಪ್ರಿಯರೇ, ತಪ್ಪನ್ನು ಹೀಗೆ ಲೆಕ್ಕ ಸಮೇತ ಒಪ್ಪಿಕೊಂಡ ರಾಜ ಇತಿಹಾಸದಲ್ಲಿ ಬಹಳ ಅಪರೂಪ. ನಾವು ಅರಿಕೆ ಮಾಡೋದು ಹೇಗೆ? ಕರ್ತನೇ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನೆಲ್ಲ ಕ್ಷಮಿಸು. ಮುಗೀತು. ಇವನು ತಿಳಿದೇ ಮಾಡಿದೆ, ಇಷ್ಟು ಜನಕ್ಕೆ ಮಾಡಿದೆ ಅಂತ ಎಣಿಸಿ ಹೇಳಿದ. ನಿನೆವೆಯ ಅರಸ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂತದ್ದು ಯೋನನ ಪುಸ್ತಕದಲ್ಲಿ ಓದ್ತೀವಿ. ಆ ನಿನೆವೆಯವರೇ ನ್ಯಾಯತೀರ್ಪಿನ ದಿನ ಎದ್ದು ನಿಲ್ತಾರೆ ಅಂತ ಕರ್ತನು ಧರ್ಮ ಬಲ್ಲವರಿಗೇ ಎಚ್ಚರಿಕೆ ಕೊಟ್ಟ. ಅಶೋಕನ ಆತ್ಮದ ತೀರ್ಪು ದೇವರ ಕೈಯಲ್ಲಿದೆ, ಅದು ನನ್ನ ಕೆಲಸ ಅಲ್ಲ. ಆದರೆ ಅವನು ನಮ್ಮ ಮುಂದೆ ನಿಂತು ಒಂದು ಪ್ರಶ್ನೆ ಕೇಳಿದರೆ ನನ್ನ ಹತ್ತಿರ ಉತ್ತರ ಇದೆಯಾ?

ಈಗ ನಮ್ಮ ಊರಿನ ಬಂಡೆಗೆ ಬರೋಣ. ಆ ಪತ್ರ ಸುವರ್ಣಗಿರಿ ಅನ್ನೋ ಕಡೆಯಿಂದ ಹೊರಟಿದ್ದು. ಅಲ್ಲಿದ್ದ ರಾಜಕುಮಾರನೂ ಅಧಿಕಾರಿಗಳೂ ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಕಳಿಸಿದ್ದು. ಇಸಿಲ ಅಂದ್ರೆ ಈ ಬ್ರಹ್ಮಗಿರಿಯ ಹತ್ತಿರದ ಊರೇ. ಮೊದಲು ಆರೋಗ್ಯ ವಿಚಾರಿಸ್ತಾರೆ, ಆಮೇಲೆ ವಿಷಯ. ಎಂಥಾ ಚೆಂದ ನೋಡಿ! ಪೌಲನ ಪತ್ರಗಳೂ ಹಾಗೇ ಅಲ್ವಾ, ಮೊದಲು ವಂದನೆ, ಆಮೇಲೆ ಬೋಧನೆ.

ಆ ಪತ್ರದಲ್ಲಿ ರಾಜ ಒಂದು ಮಾತು ಒಪ್ಪಿಕೊಳ್ತಾನೆ. ಎರಡೂವರೆ ವರ್ಷಕ್ಕಿಂತ ಹೆಚ್ಚಾಯ್ತು, ನಾನು ಉಪಾಸಕನಾಗಿ. ಆದರೆ ಒಂದು ವರ್ಷ ನಾನು ಅಷ್ಟೇನೂ ಆಸಕ್ತಿ ತೋರಿಸಲಿಲ್ಲ. ಸಂಘದ ಹತ್ತಿರ ಬಂದು ವರ್ಷದ ಮೇಲಾಯ್ತು, ಈಗ ಶ್ರಮಪಡ್ತಾ ಇದ್ದೀನಿ. ಅವನು ಹೇಳೋದರ ಸಾರ ಇದು. ಚಕ್ರವರ್ತಿ ಸ್ವಾಮಿ! ಅರ್ಧ ಏಷ್ಯಾಕ್ಕೆ ಗೊತ್ತಿದ್ದ ಚಕ್ರವರ್ತಿ ಮೊಳಕಾಲ್ಮೂರಿನ ಜನಕ್ಕೆ ಹೇಳ್ತಾನೆ, ಒಂದು ವರ್ಷ ನಾನು ಉಗುರುಬೆಚ್ಚಗಿದ್ದೆ ಅಂತ. ದೀಕ್ಷಾಸ್ನಾನ ತಗೊಂಡು ಮೂರು ವರ್ಷ ಆಗಿರೋ ಮಕ್ಕಳು ಇಲ್ಲಿದ್ದೀರಿ. ಮೊದಲ ವರ್ಷ ಉಪವಾಸ ಪ್ರಾರ್ಥನೆ, ಎರಡನೇ ವರ್ಷ ಕ್ವಯರ್, ಮೂರನೇ ವರ್ಷ ಭಾನುವಾರ ಹತ್ತು ಗಂಟೆಗೆ ಎಚ್ಚರ. ಅದನ್ನು ಬಾಯಿಬಿಟ್ಟು ಯಾರ ಹತ್ತಿರನಾದರೂ ಹೇಳಿದ್ದೀರಾ? ಇಲ್ಲ. ಚೆನ್ನಾಗಿದ್ದೀನಿ ಬ್ರದರ್, ಪ್ರೈಸ್ ದ ಲಾರ್ಡ್.

ಅದೇ ಬಂಡೆಯಲ್ಲಿ ಅವನು ಕೇಳಿದ್ದೇನು? ದೊಡ್ಡ ತತ್ವ ಇಲ್ಲ. ಅಪ್ಪ ಅಮ್ಮನ ಮಾತು ಕೇಳಿ. ಜೀವಿಗಳ ಮೇಲೆ ದಯೆ ಇರಲಿ. ನಿಜ ಹೇಳಿ. ಶಿಷ್ಯ ಗುರುವನ್ನು ಗೌರವಿಸಲಿ. ಬಂಧುಗಳ ಜೊತೆ ಸರಿಯಾಗಿ ನಡೆದುಕೊಳ್ಳಿ. ದೊಡ್ಡವರು ಮಾತ್ರ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಇದು ಸಾಧ್ಯ. ಕೆಳಗೆ ಬರೆದವನ ಹೆಸರೂ ಇದೆ, ಚಪಡ. ಅವನು ತಾನು ಲಿಪಿಕಾರ ಅನ್ನೋ ಒಂದು ಪದವನ್ನು ವಾಯವ್ಯ ದಿಕ್ಕಿನ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ಬಲದಿಂದ ಎಡಕ್ಕೆ ಓದೋ ಲಿಪಿ. ಎಲ್ಲೋ ಕಲಿತ ಅಕ್ಷರವನ್ನು ನಮ್ಮೂರ ಬಂಡೆ ಮೇಲೆ ಒಂದು ಗುರುತಾಗಿ ಬಿಟ್ಟು ಹೋಗಿದ್ದಾನೆ.

ನೀವು ಕೇಳಬಹುದು, ಪಾಸ್ಟರ್, ಇವನು ಇಷ್ಟು ಒಳ್ಳೆಯವನಾದರೆ ನಮಗೆ ಸುವಾರ್ತೆ ಯಾಕೆ ಬೇಕು? ಒಳ್ಳೆ ಪ್ರಶ್ನೆ. ಅವನು ದಾರಿಯಲ್ಲಿ ಆಲದ ಮರ ನೆಡಿಸಿದ, ಬಾವಿ ತೋಡಿಸಿದ, ಮನುಷ್ಯರಿಗೂ ಪ್ರಾಣಿಗಳಿಗೂ ಔಷಧಿ ಒದಗಿಸಿದ. ಬೇರೆಯವರ ಪಂಥವನ್ನು ಬೈದು ತನ್ನದನ್ನು ಹೊಗಳೋನು ತನ್ನ ಪಂಥಕ್ಕೇ ಹಾನಿ ಮಾಡ್ತಾನೆ ಅಂತ 12ನೇ ಶಾಸನದಲ್ಲಿ ಬರೆಸಿದ. ಬೇರೆಯವರ ದೇವರನ್ನು ಕಾಮೆಂಟ್ ಬಾಕ್ಸಲ್ಲಿ ಹೀಯಾಳಿಸೋ ನಮ್ಮ ಹುಡುಗರು ಇದನ್ನು ಗಮನಿಸಬೇಕು. ಹೀಯಾಳಿಸಿ ಯಾರನ್ನೂ ಕ್ರಿಸ್ತನ ಹತ್ತಿರ ಕರಕೊಂಡು ಬರೋಕಾಗಲ್ಲ.

ಆದರೂ ಆ ಶಾಸನಗಳಲ್ಲಿ ಮೂರು ವಿಷಯ ನನ್ನನ್ನು ಕಾಡುತ್ತೆ. ಅವನನ್ನು ಕೀಳುಮಾಡೋಕೆ ಹೇಳ್ತಿಲ್ಲ. ಅವು ನನಗೆ ಕನ್ನಡಿ.

ಒಂದನೇದು, ಅಡುಗೆಮನೆ. ಹಿಂದೆ ಅರಮನೆಯ ಅಡುಗೆಗೆ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಮೂರೇ, ಎರಡು ನವಿಲು ಒಂದು ಜಿಂಕೆ, ಆ ಜಿಂಕೆಯೂ ದಿನಾ ಇಲ್ಲ, ಮುಂದೆ ಇವನ್ನೂ ನಿಲ್ಲಿಸ್ತೀವಿ ಅಂತ ಬರೆಸಿದ್ದಾನೆ. ಎಷ್ಟು ಪ್ರಾಮಾಣಿಕ! ಲಕ್ಷ ಬಿಟ್ಟಾಯ್ತು, ಮೂರು ಉಳೀತು. ನಮ್ಮ ಜೀವನದಲ್ಲೂ ಆ ಎರಡು ನವಿಲು ಇರ್ತವೆ. ಕುಡಿತ ಬಿಟ್ಟಿದ್ದೀವಿ, ಕೆಟ್ಟ ಸ್ನೇಹ ಬಿಟ್ಟಿದ್ದೀವಿ. ರಾತ್ರಿ ಹನ್ನೊಂದರ ಮೇಲೆ ಫೋನಿನಲ್ಲಿ ನೋಡೋದು ಮಾತ್ರ ಉಳಿದಿದೆ. ಅದನ್ನೂ ಮುಂದೆ ನಿಲ್ಲಿಸ್ತೀವಿ. ಆ ಮುಂದೆ ಯಾವಾಗ?

ಎರಡನೇದು, ಕೈಯಲ್ಲಿರೋ ಕತ್ತಿ. ಅದೇ 13ನೇ ಶಾಸನದಲ್ಲಿ, ಅಷ್ಟು ದುಃಖಪಟ್ಟ ಮೇಲೆ, ಕಾಡಿನ ಜನಕ್ಕೆ ಒಂದು ಎಚ್ಚರಿಕೆ ಇದೆ. ನಾನು ಪಶ್ಚಾತ್ತಾಪಪಟ್ಟಿದ್ದೀನಿ ನಿಜ, ಆದರೆ ನನ್ನ ಬಲ ಇನ್ನೂ ಇದೆ, ಸರಿಯಾಗಿರಿ ಅನ್ನೋ ಧಾಟಿ. ಮರಣದಂಡನೆಯನ್ನೂ ಅವನು ತೆಗೆಯಲಿಲ್ಲ, ಮೂರು ದಿನ ಗಡುವು ಕೊಟ್ಟ. ರಾಜ್ಯ ನಡೆಸೋನಿಗೆ ಅವನದೇ ಕಷ್ಟ ಇರುತ್ತೆ, ಒಪ್ಪೋಣ. ಆದರೆ ಮನೆಯಲ್ಲಿ ಸಾರಿ ಕೇಳಿದ ಮೇಲೂ ಹೆಂಡತಿ ನಮ್ಮ ಮುಖ ನೋಡಿ ಹೆದರ್ತಾ ಇದ್ದರೆ? ಕ್ಷಮೆ ಕೇಳಿದ ಕೈಯಲ್ಲಿ ಕತ್ತಿ ಇನ್ನೂ ಇದೆ ಅಂತ ಅರ್ಥ.

ಮೂರನೇದು, ನನ್ನನ್ನು ಮುರಿದ ವಿಷಯ. ಕಳಿಂಗದ ಬಗ್ಗೆ ಆ ದುಃಖದ ಶಾಸನ ಎಲ್ಲೆಲ್ಲಿ ಇದೆ? ಗುಜರಾತಿನ ಗಿರ್ನಾರ್‌ನಲ್ಲಿ ಇದೆ. ಹಿಮಾಲಯದ ಬುಡದ ಕಾಲ್ಸಿಯಲ್ಲಿ ಇದೆ. ಈಗಿನ ಪಾಕಿಸ್ತಾನದ ಶಾಹಬಾಜ್‌ಗಢಿಯಲ್ಲಿ ಇದೆ. ನಮ್ಮ ಪಕ್ಕದ ಆಂಧ್ರದ ಎರ್ರಗುಡಿಯಲ್ಲಿ ಇದೆ. ಆಫ್ಘಾನಿಸ್ತಾನದ ಕಂದಹಾರ್‌ನಲ್ಲಿ ಗ್ರೀಕ್ ಭಾಷೆಯಲ್ಲೂ ಅದರ ತುಣುಕು ಸಿಕ್ಕಿದೆ. ದೂರದ ಗ್ರೀಕ್ ರಾಜರ ಹೆಸರೂ ಅದರಲ್ಲಿ ಬರುತ್ತೆ, ಈಜಿಪ್ಟಿನ ಟಾಲೆಮಿಯದೂ ಸೇರಿ. ಯೆಹೂದ್ಯರ ಧರ್ಮಶಾಸ್ತ್ರ ಗ್ರೀಕಿಗೆ ಅನುವಾದ ಆದದ್ದು ಆ ಟಾಲೆಮಿಯ ಕಾಲದಲ್ಲೇ ಅಂತ ಸಂಪ್ರದಾಯ ಹೇಳುತ್ತೆ. ಇಷ್ಟೆಲ್ಲ ಕಡೆ ಇದೆ. ಒಡಿಶಾದ ಧೌಲಿ, ಜೌಗಡದಲ್ಲಿ? ಅಲ್ಲೂ ಅವನ ಬಂಡೆ ಶಾಸನಗಳಿವೆ. ಆದರೆ 13ನೆಯದು ಇಲ್ಲ. ಕಳಿಂಗದ ನೆಲದಲ್ಲಿ ಕಳಿಂಗದ ದುಃಖ ಇಲ್ಲ!

ಅದರ ಬದಲು ಬೇರೆ ಎರಡು ಶಾಸನ ಹಾಕಿಸಿದ್ದಾನೆ. ಎಲ್ಲರೂ ನನ್ನ ಮಕ್ಕಳು, ಅಧಿಕಾರಿಗಳು ಯಾರನ್ನೂ ಸುಮ್ಮನೆ ಸೆರೆಗೆ ಹಾಕಬಾರದು, ಪೀಡಿಸಬಾರದು ಅಂತ ಅದರಲ್ಲಿದೆ. ಒಳ್ಳೆಯ ಶಾಸನಗಳು. ಗೆದ್ದ ನಾಡಿನಲ್ಲಿ ಹಳೆ ಗಾಯ ಕೆದಕಬಾರದು ಅಂತ ಬಿಟ್ಟಿರಬಹುದು ಅಂತ ಇತಿಹಾಸಕಾರರು ಊಹಿಸ್ತಾರೆ. ಇರಬಹುದು. ಆದರೆ ಸಾಗಿಸಿದ ಒಂದೂವರೆ ಲಕ್ಷ ಜನರನ್ನು ವಾಪಸ್ ಕಳಿಸಿದೆ ಅಂತ ಆ ಶಾಸನದಲ್ಲಿ ಎಲ್ಲೂ ಇಲ್ಲ. ಕಳಿಂಗವನ್ನು ಬಿಟ್ಟುಕೊಟ್ಟೆ ಅಂತಲೂ ಇಲ್ಲ. ದೂರದವರಿಗೆಲ್ಲ ಹೇಳಿದ. ಗಂಡನನ್ನು ಕಳಕೊಂಡ ಕಳಿಂಗದ ಹೆಂಗಸಿನ ಊರಿನ ಬಂಡೆಯ ಮೇಲೆ ಆ ಮಾತು ಬರಲಿಲ್ಲ.

ಇದನ್ನು ನಾನು ಒಂದು ಪುಸ್ತಕದಲ್ಲಿ ಓದಿದ್ದು 2018ರಲ್ಲಿ, ಯೌವನಸ್ಥರ ಗುಂಪನ್ನು ಬ್ರಹ್ಮಗಿರಿಗೆ ಕರಕೊಂಡು ಹೋಗೋ ಮುಂಚೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಈಗ ಹೇಳ್ತೀನಿ. ಇದು ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರೋ ಸಾಕ್ಷಿ, ಆದರೆ ಅರ್ಧ ಮಾತ್ರ ಗೊತ್ತು.

ರಕ್ಷಣೆಗೆ ಬರೋ ಮುಂಚೆ ನಾನು ಮೊಳಕಾಲ್ಮೂರಿನಲ್ಲಿ ಸೀರೆ ದಲ್ಲಾಳಿಯಾಗಿದ್ದೆ. ನೇಕಾರರ ಮನೆಯಿಂದ ಸೀರೆ ತಗೊಂಡು ಸಾವ್ಕಾರರಿಗೆ ಮುಟ್ಟಿಸೋದು, ಕೂಲಿ ತಂದು ನೇಕಾರರಿಗೆ ಕೊಡೋದು. ಒಬ್ಬ ಹಿರಿಯ ನೇಕಾರರು ಇದ್ದರು, ನಾನು ಅಣ್ಣಾ ಅಂತಿದ್ದೆ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಬೆಳಿಗ್ಗೆಯಿಂದ ಸಂಜೆವರೆಗೆ ನೇಯೋರು. ಒಂದು ಸಲ ಅವರ ನಾಲ್ಕು ಸೀರೆಯ ಕೂಲಿ ನನ್ನ ಕೈಗೆ ಬಂತು. ನನಗೆ ಸಾಲ ಇತ್ತು. ದುಡ್ಡು ನಾನೇ ಇಟ್ಟುಕೊಂಡೆ. ಅಂಚಿನಲ್ಲಿ ದೋಷ ಇದೆ, ಸಾವ್ಕಾರರು ಕೂಲಿ ಹಿಡಿದಿದ್ದಾರೆ ಅಂತ ಅವರಿಗೆ ಹೇಳಿದೆ. ಅವರು ಸಾವ್ಕಾರರನ್ನು ಕೇಳಿಬಿಟ್ಟರೆ? ಅದಕ್ಕೆ ಆ ಕಡೆಯೂ ಹೋಗಿ, ಆ ಮನುಷ್ಯನಿಗೆ ಈಗ ಕಣ್ಣು ಸರಿಯಿಲ್ಲ, ಕೆಲಸ ಕೆಡ್ತಾ ಇದೆ ಅಂತ ಹೇಳಿದೆ. ಅವರಿಗೆ ರೇಷ್ಮೆ ಕೊಡೋದು ನಿಂತಿತು.

ಆಮೇಲೆ ನಾನು ಬೆಂಗಳೂರಿಗೆ ಬಂದೆ, ಕರ್ತನು ನನ್ನನ್ನು ಸಂಧಿಸಿದ, ದೀಕ್ಷಾಸ್ನಾನ ಆಯ್ತು. ಈ ಸಾಕ್ಷಿಯನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೀನಿ. ಬಡ ನೇಕಾರನಿಗೆ ಮೋಸ ಮಾಡಿದ ಪಾಪಿ ನಾನು, ಕರ್ತನು ನನ್ನನ್ನು ಕ್ಷಮಿಸಿದ. ಜನ ಅಳ್ತಿದ್ದರು, ಹಲ್ಲೆಲೂಯ ಅಂತಿದ್ದರು. ಯಲಹಂಕದಲ್ಲಿ ಹೇಳಿದೆ, ಹೊಸೂರಿನಲ್ಲಿ ಹೇಳಿದೆ, ಯೂಟ್ಯೂಬಲ್ಲೂ ಹೇಳಿದೆ. ಮೊಳಕಾಲ್ಮೂರಿನಲ್ಲಿ ಒಂದೇ ಒಂದು ಮನೆಯಲ್ಲಿ ಹೇಳಿರಲಿಲ್ಲ. ನನ್ನ ಕಂದಹಾರ್‌ನಲ್ಲಿ ಶಾಸನ ಇತ್ತು, ನನ್ನ ಕಳಿಂಗದಲ್ಲಿ ಇರಲಿಲ್ಲ.

ಮಾರನೇ ದಿನ ಮಕ್ಕಳಿಗೆ ಅಕ್ಷರಗುಂಡು ತೋರಿಸಿದೆ. ಅವರು ಸೆಲ್ಫಿ ತಗೋತಿದ್ದರು. ನಾನು ವ್ಯಾನ್ ಡ್ರೈವರಿಗೆ ಹೇಳಿ ಒಬ್ಬನೇ ಮೊಳಕಾಲ್ಮೂರಿಗೆ ಹೋದೆ. ಆ ಓಣಿಯಲ್ಲಿ ಲಾಳಿಯ ಸದ್ದು ಮೊದಲಿನಷ್ಟು ಇರಲಿಲ್ಲ. ಅಣ್ಣ ಮನೆಮುಂದೆ ಕಟ್ಟೆ ಮೇಲೆ ಕೂತಿದ್ದರು. ನನ್ನ ಗುರುತು ಸಿಕ್ಕಿತು. ಮಗ್ಗ ಮಾರಿದ್ದರು. ಮಗ ಬಳ್ಳಾರಿಯಲ್ಲಿ ಕೂಲಿಗೆ ಹೋಗ್ತಿದ್ದ. ನಾನು ಎಲ್ಲವನ್ನೂ ಹೇಳಿದೆ, ಕಾಲು ಮುಟ್ಟೋಕೆ ಹೋದೆ, ಅವರು ಕಾಲು ಹಿಂದಕ್ಕೆ ಎಳಕೊಂಡರು. ಜಕ್ಕಾಯನ ಲೆಕ್ಕದಲ್ಲಿ ನಾಲ್ಕರಷ್ಟು ದುಡ್ಡು ತಗೊಂಡು ಹೋಗಿದ್ದೆ. ಅವರು ತಗೊಳ್ಳಲಿಲ್ಲ. ದುಡ್ಡು ಹಾಗಿರಲಿ, ನನ್ನ ನೇಯ್ಗೆ ಕೆಟ್ಟಿದೆ ಅಂತ ಎಲ್ಲಿ ಹೇಳಿದೆಯೋ ಅಲ್ಲಿಗೆ ಹೋಗಿ ಅದು ಸುಳ್ಳು ಅಂತ ಹೇಳಿ ಬಾ ಅಂದರು.

ಪ್ರಿಯರೇ, ಸಾವಿರ ಜನರ ಮುಂದೆ ಸಾಕ್ಷಿ ಹೇಳೋನಿಗೆ ಆ ಒಂದು ಅಂಗಡಿಯ ಮೆಟ್ಟಿಲು ಹತ್ತೋಕೆ ಕಾಲು ನಡುಗಿತು. ಹೋದೆ. ಹೇಳಿದೆ. ಅಲ್ಲಿ ಕೆಲಸದವರ ಮುಂದೆ ಬೈಸಿಕೊಂಡೆ. ವಾಪಸ್ ಬಂದಾಗ ಅಣ್ಣ ದುಡ್ಡು ಎಣಿಸಿ ತಗೊಂಡರು. ಕ್ಷಮಿಸಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಒಳಗಿಂದ ಟೀ ತರಿಸಿ ಕೊಟ್ಟರು. ಮಾರಿದ ಮಗ್ಗ ವಾಪಸ್ ಬರಲಿಲ್ಲ. ಆ ಟೀಯನ್ನು ನಾನು ಈಗಲೂ ಮರೆತಿಲ್ಲ.

ಇಲ್ಲಿಗೆ ಸುವಾರ್ತೆ ಬರುತ್ತೆ, ಗಮನ ಕೊಡಿ. ಅಶೋಕ ಕಲ್ಲಿನ ಮೇಲೆ ಬರೆಸಿದ. ಅವನು ಸತ್ತದ್ದು ಕ್ರಿ.ಪೂ. 232ರ ಸುಮಾರಿಗೆ. ಇನ್ನು ಐವತ್ತು ವರ್ಷದೊಳಗೆ ಅವನ ವಂಶದ ರಾಜ್ಯವೇ ಇರಲಿಲ್ಲ. ಅಕ್ಷರ ಉಳೀತು, ಓದೋರು ಉಳಿಯಲಿಲ್ಲ. ಇದು ಅವನೊಬ್ಬನ ಸೋಲಲ್ಲ, ಕಲ್ಲಿನ ಮಿತಿ. ಸೀನಾಯಿಯಲ್ಲೂ ಕಲ್ಲಿನ ಹಲಗೆಗಳೇ ಇದ್ದವು, ಇಸ್ರಾಯೇಲ್ಯರು ಕೆಳಗೆ ಬಂಗಾರದ ಬಸವನ ಸುತ್ತ ಕುಣೀತಿದ್ದರು. ಅದಕ್ಕೇ ಯೆರೆಮೀಯ 31ರಲ್ಲಿ ಕರ್ತನು ಹೊಸ ಒಡಂಬಡಿಕೆಯ ಮಾತಾಡ್ತಾನೆ, ಹೃದಯದಲ್ಲಿ ಬರೆಯೋದು. ಎರಡನೇ ಕೊರಿಂಥ 3ರಲ್ಲಿ ಪೌಲನು ಅದನ್ನೇ ಹೇಳ್ತಾನೆ, ಜೀವವುಳ್ಳ ದೇವರ ಆತ್ಮನಿಂದ ಬರೆದ ಪತ್ರ ನೀವು ಅಂತ. ಪಂಚಾಶತ್ತಮ ದಿನದ ಬೆಂಕಿ ನಾಲಿಗೆ ಮೇಲೆ ಮಾತ್ರ ಬಂದು ನಿಲ್ಲೋ ಬೆಂಕಿ ಅಲ್ಲ. ಅನ್ಯಭಾಷೆ ಬಂದಿದೆ, ಆದರೆ ಅಮ್ಮನಿಗೆ ಫೋನ್ ಮಾಡೋಕೆ ಭಾಷೆ ಬರಲ್ಲ ಅಂದ್ರೆ ಆತ್ಮನಿಗೆ ಇನ್ನೂ ಪೂರ್ತಿ ಜಾಗ ಕೊಟ್ಟಿಲ್ಲ ಅಂತ ಅರ್ಥ.

ನಿಮ್ಮ ಕಾಲ ಶಾಸನದ ಕಾಲವೇ. ಎಲ್ಲರ ಕೈಯಲ್ಲೂ ಒಂದು ಬಂಡೆ ಇದೆ, ಅದಕ್ಕೆ ಸ್ಟೇಟಸ್ ಅಂತೀವಿ. ಯಾರಿಗೋ ನೋವು ಮಾಡಿ ಎಲ್ಲರಿಗೂ ಕಾಣೋ ಹಾಗೆ ಸಾರಿ ಹಾಕ್ತೀವಿ. ಆ ಒಬ್ಬರ ನಂಬರ್ ಮಾತ್ರ ಬ್ಲಾಕ್ ಆಗಿರುತ್ತೆ. ಮದುವೆ ಮಾತು ಕೊಟ್ಟು ಒಂದು ದಿನ ಮೆಸೇಜಿಗೆ ಉತ್ತರ ಕೊಡೋದು ನಿಲ್ಲಿಸಿದ್ದೀರಿ. ಜೊತೆಯವನು ಮಾಡಿದ ಕೆಲಸಕ್ಕೆ ಮ್ಯಾನೇಜರ್ ಮುಂದೆ ನಿಮ್ಮ ಹೆಸರು ಹೇಳಿಕೊಂಡಿದ್ದೀರಿ. ಪಿಜಿಯಲ್ಲಿ ರೂಮ್‌ಮೇಟ್ ಬಗ್ಗೆ ಸುಳ್ಳು ಹಬ್ಬಿಸಿದ್ದೀರಿ. ದೇವರ ಮುಂದೆ ಅತ್ತಿದ್ದೀರಿ, ಸರಿ. ಕ್ರಿಸ್ತನ ರಕ್ತ ಆ ಪಾಪವನ್ನು ತೊಳೆಯುತ್ತೆ, ಅದರಲ್ಲಿ ಸಂಶಯ ಇಲ್ಲ. ಕ್ಷಮೆ ಸಂಪಾದಿಸೋಕೆ ಹೋಗಿ ಅಂತ ನಾನು ಹೇಳ್ತಿಲ್ಲ. ಕ್ಷಮೆ ಸಿಕ್ಕಿರೋದರಿಂದ ಹೋಗೋ ಧೈರ್ಯ ಇದೆ ಅಂತ ಹೇಳ್ತಿದ್ದೀನಿ. ಜಕ್ಕಾಯನ ಮನೆಗೆ ಯೇಸು ಮೊದಲು ಬಂದ, ಆಮೇಲೆ ಅವನ ಹಣದ ಪೆಟ್ಟಿಗೆ ತೆರೆಯಿತು.

ಒಂದು ಎಚ್ಚರಿಕೆ. ನೀವು ಹೋದರೆ ಆ ವ್ಯಕ್ತಿಗೆ ಅಪಾಯ ಆಗುತ್ತೆ, ಹೊಸ ನೋವಾಗುತ್ತೆ ಅನ್ನೋ ಪರಿಸ್ಥಿತಿ ಇದ್ದರೆ ಒಬ್ಬರೇ ನಿರ್ಧಾರ ಮಾಡಬೇಡಿ. ಹಿರಿಯರ ಹತ್ತಿರ ಬನ್ನಿ, ಕೂತು ಪ್ರಾರ್ಥಿಸಿ ದಾರಿ ನೋಡೋಣ. ಮತ್ತೆ, ಅವರು ಕ್ಷಮಿಸಲೇಬೇಕು ಅಂತ ಹಟ ಹಿಡಿಯಬೇಡಿ. ನಿಮ್ಮ ಪಾಲು ಹೋಗೋದು. ಅವರ ಬಾಗಿಲು ಅವರದು.

ಈಗ ಎಲ್ಲರೂ ಕಣ್ಣು ಮುಚ್ಚಿ. ಸಂಗೀತ ಬೇಡ ಬ್ರದರ್, ಒಂದು ನಿಮಿಷ ಹಾಗೇ ಇರಲಿ. ನಿಮ್ಮ ಕಳಿಂಗ ಎಲ್ಲಿದೆ? ಒಂದು ಹೆಸರು ಈಗಾಗಲೇ ನಿಮ್ಮ ಮನಸ್ಸಿಗೆ ಬಂದಿದೆ. ಚಳ್ಳಕೆರೆಗೆ ರಾತ್ರಿ ಬಸ್ಸಿದೆ. ಕಾಣಿಕೆಯ ಪೆಟ್ಟಿಗೆ ಮುಂದಿನ ಭಾನುವಾರವೂ ಇಲ್ಲೇ ಇರುತ್ತೆ, ಅವಸರ ಇಲ್ಲ.

ಪ್ರಾರ್ಥಿಸೋಣ. ಕರ್ತನೇ, ದೂರದ ಬಂಡೆಗಳ ಮೇಲೆ ಬರೆದದ್ದು ಸಾಕು. ಎಲ್ಲಿ ಗಾಯ ಮಾಡಿದ್ದೀವೋ ಅಲ್ಲಿಗೆ ನಮ್ಮನ್ನು ಕಳಿಸು. ನಮ್ಮ ಮುಂದೆ ನೀನು ನಡೆ. ನಾವು ಹೋಗೋ ಆ ಮನೆಗಳಲ್ಲಿ ನಮಗಿಂತ ಮೊದಲು ನೀನಿರು. ಯೇಸುವಿನ ನಾಮದಲ್ಲಿ ಬೇಡಿಕೊಳ್ತೇವೆ ತಂದೆಯೇ. ಆಮೆನ್.